ಗಿಬ್ಸನ್ ದೊಡ್ಡವರೋ, ಪೆಡ್ರೊ ದೊಡ್ಡವರೋ?

ಸೇಂಟ್ ಲೂಯಿಸ್ ಆಫೀಸಿನಲ್ಲಿ ಊಟದ ಹೊತ್ತಿಗೆ ಬೇಸ್‌ಬಾಲ್ ವಾದ ಶುರುವಾದರೆ ಸುಮ್ಮನೆ ಕೂರಬೇಕಾಗುತ್ತದೆ ಅಂದಿರಿ. ಸೇಂಟ್ ಲೂಯಿಸ್ ತಂಡದ ಬಾಬ್ ಗಿಬ್ಸನ್, ಪೆಡ್ರೊ ಮಾರ್ಟಿನೆಸ್ ಈ ಇಬ್ಬರು ಪಿಚರ್‌ಗಳಲ್ಲಿ (ಚೆಂಡೆಸೆಯುವವರು) ಯಾರು ಮೇಲು, ಟೆಡ್ ವಿಲಿಯಮ್ಸ್‌ರಂಥ ಬ್ಯಾಟರ್ ಪಕ್ಕ ಪಿಚರ್‌ನನ್ನು ತೂಗುವುದು ಹೇಗೆ ಎಂದೂ ಕೇಳಿದ್ದೀರಿ.

ಮೊದಲು ಇಆರ್‌ಎ ಲೆಕ್ಕ ಕೈಯಾರೆ ಮಾಡಿ ನೋಡಿ. ಪಿಚರ್ ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಎಂಬುದೇ ಇದು, ಕಡಿಮೆಯಿದ್ದಷ್ಟೂ ಒಳ್ಳೆಯದು. ಅರ್ನ್ಡ್ ರನ್ನುಗಳನ್ನು (ಫೀಲ್ಡರ್ ತಪ್ಪಿನಿಂದ ಬಂದವನ್ನು ಬಿಟ್ಟು) 9ರಿಂದ ಗುಣಿಸಿ ಇನಿಂಗ್ಸ್‌ನಿಂದ ಭಾಗಿಸಬೇಕು. 6.2 ಇನಿಂಗ್ಸ್ ಅಂದರೆ ಆರು ಇನಿಂಗ್ಸ್, ಮೇಲೆ ಎರಡು ಔಟ್. ನಮ್ಮ ಓವರ್ ಬರೆದ ಹಾಗೆ, ದಶಮಾಂಶವಲ್ಲ. ಅಷ್ಟರಲ್ಲಿ 3 ರನ್ ಕೊಟ್ಟರೆ ಇಆರ್‌ಎ 4.05. ಕ್ಯಾಲ್ಕುಲೇಟರಿಗೆ 6.2 ಅಂತಲೇ ಒತ್ತಿದರೆ 4.35 ಬಂದು ಲೆಕ್ಕ ಕೆಡುತ್ತದೆ.

ಗಿಬ್ಸನ್‌ದು 1968ರಲ್ಲಿ 1.12, ಪೆಡ್ರೊದು 2000ದಲ್ಲಿ 1.74. ಇಷ್ಟೇ ನೋಡಿ ತೀರ್ಪು ಕೊಡಬೇಡಿ. 1968ರಲ್ಲಿ ಪಿಚರ್ ನಿಲ್ಲುವ ದಿಬ್ಬ 15 ಇಂಚು ಎತ್ತರವಿತ್ತು. ಬ್ಯಾಟರ್‌ಗಳು ಎಷ್ಟು ಸೊರಗಿದ್ದರೆಂದರೆ, ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು ಬ್ಯಾಟಿಂಗ್ ಆವರೇಜ್‌ಗೆ ಕೊಡುವ ಪಟ್ಟ ಬರೀ .301ಕ್ಕೆ ಸಿಕ್ಕಿತು. ಮರುವರ್ಷ ದಿಬ್ಬವನ್ನು 10 ಇಂಚಿಗೆ ಇಳಿಸಿದರು. ಪೆಡ್ರೊ ಎಸೆದದ್ದಾದರೋ ಹೋಂ ರನ್ ಸುರಿಯುತ್ತಿದ್ದ ಕಾಲದಲ್ಲಿ. ಆ ವರ್ಷದ ಲೀಗ್ ಸರಾಸರಿಯನ್ನು 100 ಎಂದಿಟ್ಟು, ಮೈದಾನದ ಗುಣವನ್ನೂ ಸೇರಿಸಿ ಅಳೆಯುವುದು ಇಆರ್‌ಎ ಪ್ಲಸ್. ಇದು ಹೆಚ್ಚಿದ್ದಷ್ಟೂ ಒಳ್ಳೆಯದು. ಅದರಲ್ಲಿ ಗಿಬ್ಸನ್ 258, ಪೆಡ್ರೊ 291. ಆ ಒಂದು ಸೀಸನ್ನಿನ ಮಟ್ಟಿಗೆ ಪೆಡ್ರೊ ಮೇಲು, ಇದನ್ನು ಸೇಂಟ್ ಲೂಯಿಸ್‌ನಲ್ಲಿ ಮೆಲ್ಲಗೆ ಹೇಳಿ!

ಪಿಚರ್ ಹೆಸರಿಗೆ ಬರೆಯುವ ಗೆಲುವಿನ ಲೆಕ್ಕಕ್ಕೆ ಬೆಲೆ ಕೊಡಬೇಡಿ. 2018ರಲ್ಲಿ ಜೇಕಬ್ ಡಿಗ್ರಾಮ್ 1.70 ಇಆರ್‌ಎ ಇದ್ದೂ ಗೆದ್ದದ್ದು 10, ಸೋತದ್ದು 9; ತಂಡ ರನ್ ಹೊಡೆಯಲಿಲ್ಲ. ಆದರೂ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವರಿಗೇ ಬಂತು.

ಬ್ಯಾಟಿಂಗ್ ಆವರೇಜ್ ಕೂಡ ನಮ್ಮ ಕ್ರಿಕೆಟ್ಟಿನದಲ್ಲ. ಹಿಟ್‌ಗಳನ್ನು ಅಟ್-ಬ್ಯಾಟ್‌ಗಳಿಂದ ಭಾಗಿಸಿದ್ದು, ವಾಕ್ (ನಾಲ್ಕು ಕೆಟ್ಟ ಎಸೆತ ಬಿದ್ದಾಗ ಬ್ಯಾಟರ್‌ಗೆ ಸಿಗುವ ಮೊದಲ ಬೇಸ್) ಅದರೊಳಗೆ ಬರುವುದೇ ಇಲ್ಲ. ವಿಲಿಯಮ್ಸ್‌ರ 1941ರ .406 ಎಲ್ಲರ ಬಾಯಲ್ಲಿದೆ. ನನಗೆ ಮಾತ್ರ ಅವರ ಇಡೀ ವೃತ್ತಿಯ ಆನ್-ಬೇಸ್ (ವಾಕ್ ಕೂಡ ಸೇರಿಸಿ ಬೇಸ್ ತಲುಪಿದ ಪ್ರಮಾಣ) .482 ಇನ್ನೂ ದೊಡ್ಡದು. ಅದನ್ನು ಯಾರೂ ಮೀರಿಲ್ಲ.

ಬ್ಯಾಟರ್‌ಗೆ ಒಪಿಎಸ್ ಪ್ಲಸ್ ಇದೆ, ಬೇಸ್ ತಲುಪುವುದನ್ನೂ ಹೊಡೆತದ ಬಲವನ್ನೂ ಲೀಗ್ ಸರಾಸರಿ 100 ಎಂದಿಟ್ಟು ಅಳೆಯುವುದು. ಆದರೆ ಅದನ್ನು ಇಆರ್‌ಎ ಪ್ಲಸ್ ಎದುರಿಗೆ ಇಡಬೇಡಿ, ಎರಡರ ಸೂತ್ರವೇ ಬೇರೆ. ಸ್ಟಾರ್ಟರ್, ಅಂದರೆ ಆಟ ಶುರು ಮಾಡುವ ಪಿಚರ್, ನಾಲ್ಕೈದು ದಿನಕ್ಕೊಮ್ಮೆ ಎಸೆಯುತ್ತಾನೆ, ಬ್ಯಾಟರ್ ದಿನಾ ಆಡುತ್ತಾನೆ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಹಾಕಲು ಇರುವುದು ವಾರ್ (WAR): ಸಾಧಾರಣ ಬದಲಿ ಆಟಗಾರನಿಗಿಂತ ಇವನು ತಂಡಕ್ಕೆ ಎಷ್ಟು ಗೆಲುವು ಹೆಚ್ಚು ತಂದ ಎಂಬ ಅಂದಾಜು. ಇದನ್ನು ಲೆಕ್ಕ ಹಾಕುವ ತಾಣಗಳಲ್ಲಿ ಬೇಸ್‌ಬಾಲ್ ರೆಫರೆನ್ಸ್ ಪಿಚರ್ ಕೊಟ್ಟ ರನ್ನಿನಿಂದ ಹೊರಟರೆ ಫ್ಯಾನ್‌ಗ್ರಾಫ್ಸ್ ಸ್ಟ್ರೈಕ್‌ಔಟ್, ವಾಕ್, ಹೋಂ ರನ್‌ಗಳಿಂದ ಹೊರಡುತ್ತದೆ. ಆದ್ದರಿಂದ ಒಂದೇ ತಾಣದ ಅಂಕಿ ಹಿಡಿಯಿರಿ. ಇಡೀ ವೃತ್ತಿಯ ಮೊತ್ತದಲ್ಲಿ ನಾಲ್ಕೈದು ವಾರ್ ವ್ಯತ್ಯಾಸವಷ್ಟೇ ಇದ್ದರೆ ಇಬ್ಬರೂ ಸಮ ಅನ್ನಿ. ವಿಲಿಯಮ್ಸ್‌ರ ಒಟ್ಟು ಮೊತ್ತ ಓದುವಾಗಲಂತೂ 1943ರಿಂದ 1945ರವರೆಗಿನ ಸಾಲು ಖಾಲಿ ಇರುವುದನ್ನು ನೋಡಿ: ಆ ಮೂರು ಸೀಸನ್ ಅವರು ಸೇನೆಯಲ್ಲಿದ್ದರು.