ಪ್ರತಿಕ್ರಿಯೆ: ಉಡುಪಿಯ ನಡುಹಗಲು ಏಕೆ ಜಾರುತ್ತದೆ?

ಉಡುಪಿಯ ನಿಮ್ಮ ತಾರಸಿಯಲ್ಲಿ ಕೋಲಿನ ಅತಿ ಗಿಡ್ಡ ನೆರಳು ನವೆಂಬರ್ ಆರಂಭದಲ್ಲಿ 12:15ಕ್ಕೆ, ಫೆಬ್ರವರಿ ನಡುವೆ 12:45ಕ್ಕೆ ಬಿದ್ದುದೇಕೆ ಎಂದು ಕೇಳಿದ್ದೀರಿ. ನಿಮ್ಮ ಗಡಿಯಾರ ಸರಿಯಾಗಿದೆ, ಅಳತೆಯಂತೂ ಬಹಳ ಚೆನ್ನಾಗಿದೆ!

ಭಾರತೀಯ ಸಮಯ 82.5 ಡಿಗ್ರಿ ರೇಖಾಂಶದ್ದು. ಉಡುಪಿ ಇರುವುದು ಸುಮಾರು 74.75ರಲ್ಲಿ. ಡಿಗ್ರಿಗೆ 4 ನಿಮಿಷದಂತೆ 31 ನಿಮಿಷ ತಡ. ಇದು ವರ್ಷವಿಡೀ ಬದಲಾಗದು.

ಬದಲಾಗುವುದು ಸೂರ್ಯನ ನಡೆ. ಭೂಮಿಯ ಕಕ್ಷೆ ದೀರ್ಘವೃತ್ತವಾದ್ದರಿಂದ ಜನವರಿ ಆರಂಭದಲ್ಲಿ ಅದರ ವೇಗ ಹೆಚ್ಚು. ಇದರ ಪರಿಣಾಮ 7.7 ನಿಮಿಷದವರೆಗೆ, ವರ್ಷಕ್ಕೊಂದು ಆವರ್ತನ. ಅಕ್ಷದ 23.4 ಡಿಗ್ರಿ ಓರೆಯಿಂದ 9.9 ನಿಮಿಷದವರೆಗೆ, ವರ್ಷಕ್ಕೆರಡು ಆವರ್ತನ. ಬಹಳಷ್ಟು ಜನ ಮೊದಲನೆಯದನ್ನಷ್ಟೇ ಹೇಳುತ್ತಾರೆ, ಆದರೆ ಓರೆಯ ಪಾಲೇ ದೊಡ್ಡದು. ಡಿಸೆಂಬರ್ ಕೊನೆಯಲ್ಲಿ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ: ಸೌರದಿನ (ಒಂದು ನಡುಹಗಲಿನಿಂದ ಮುಂದಿನ ನಡುಹಗಲಿನವರೆಗೆ) 24 ಗಂಟೆಗಿಂತ ಸುಮಾರು 30 ಸೆಕೆಂಡು ಉದ್ದ. ಅದು ದಿನದಿನವೂ ಕೂಡುತ್ತ ನವೆಂಬರಿನ +16 ನಿಮಿಷ (ಸೂರ್ಯ ಗಡಿಯಾರಕ್ಕಿಂತ ಮುಂದೆ) ಫೆಬ್ರವರಿಯಲ್ಲಿ −14 (ಹಿಂದೆ) ಆಗುತ್ತದೆ. ಇವನ್ನು 12:31ರಿಂದ ಕಳೆದು ನೋಡಿ, ನಿಮ್ಮ ಎರಡೂ ಅಳತೆಗಳು ಸಿಗುತ್ತವೆ. ಏಪ್ರಿಲ್ 15ರ ಸುಮಾರಿಗೆ ವ್ಯತ್ಯಾಸ ಸೊನ್ನೆ. ಅಂದು 12:31ಕ್ಕೆ ದಯವಿಟ್ಟು ಮತ್ತೆ ಅಳೆಯಿರಿ.