ಸೂರಿನ ಮೂಲೆ ಕೂಡದಿದ್ದಾಗ

ಪ್ರಶ್ನೆ: ತೀರ್ಥಹಳ್ಳಿ ಸಮೀಪ ಕಟ್ಟಲಿರುವ ಹಂಚಿನ ಮನೆಯೊಂದನ್ನು ರೆವಿಟ್ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶದಲ್ಲಿ ರೂಪಿಸುತ್ತಿದ್ದೇನೆ. ಮಾಡಿನ ಮೂರು ಬದಿಗಳಿಗೆ 30 ಡಿಗ್ರಿ ಇಳಿಜಾರು ಕೊಟ್ಟಿದ್ದು, ಮನೆಯವರ ಅಪೇಕ್ಷೆಯಂತೆ ಮುಂಭಾಗಕ್ಕೆ ಮಾತ್ರ 45 ಡಿಗ್ರಿ ಇಟ್ಟಿದ್ದೇನೆ. ಸೂರು ಎಲ್ಲ ಕಡೆಯೂ ಗೋಡೆಯ ಹೊರಮೈಯಿಂದ 600 ಮಿ.ಮೀ. ಚಾಚಿದೆ. ಮುಂದಿನ ಎರಡು ಮೂಲೆಗಳಲ್ಲಿ ಸೂರಿನ ಅಂಚು ಒಂದೇ ಮಟ್ಟದಲ್ಲಿ ಕೂಡುತ್ತಿಲ್ಲ. ತಪ್ಪು ಎಲ್ಲಿದೆ?

ಉತ್ತರ: ತಪ್ಪು ತಂತ್ರಾಂಶದ್ದಲ್ಲ, ನೀವು ಕೊಟ್ಟ ಅಂಕಿಗಳನ್ನೇ ಅದು ಚಿತ್ರಿಸಿದೆ. ಗೋಡೆಯ ಹೊರಮೈಯಿಂದ 600 ಮಿ.ಮೀ. ಹೊರಗೆ ಬರುವಷ್ಟರಲ್ಲಿ 30 ಡಿಗ್ರಿಯ ಮಾಡು 346 ಮಿ.ಮೀ. ಕೆಳಗಿಳಿದಿರುತ್ತದೆ, 45 ಡಿಗ್ರಿಯದು ಪೂರ್ತಿ 600 ಮಿ.ಮೀ. ಇಳಿದಿರುತ್ತದೆ. ಎರಡೂ ಒಂದೇ ಎತ್ತರದ ಗೋಡೆಯಿಂದ ಹೊರಟಿರುವುದರಿಂದ ಮೂಲೆಯಲ್ಲಿ 254 ಮಿ.ಮೀ. ವ್ಯತ್ಯಾಸ ಉಳಿಯುತ್ತದೆ. ಈ ಲೆಕ್ಕವನ್ನು ಕಾಗದದ ಮೇಲೆ ಒಮ್ಮೆ ಮಾಡಿಕೊಂಡ ಮೇಲೆಯೇ ಸೂರಿನ ಅಂಚುಗಳನ್ನು ಒಂದೇ ಮಟ್ಟಕ್ಕೆ ತರುವ ‘ಅಲೈನ್ ಈವ್ಸ್’ ಸಾಧನವನ್ನು ಒತ್ತುವುದು ಒಳ್ಳೆಯದು, ಏಕೆಂದರೆ ಚಾಚನ್ನು ಬದಲಿಸಬೇಕೋ ಎತ್ತರವನ್ನು ಬದಲಿಸಬೇಕೋ ಎಂದು ಅದು ಕೇಳುವಾಗ ಉತ್ತರ ನಿಮ್ಮ ಬಳಿ ಇರಬೇಕು.

ಮುಂಭಾಗದ ಚಾಚನ್ನು 346 ಮಿ.ಮೀ.ಗೆ ಇಳಿಸಿದರೆ ಅಂಚುಗಳು ಕೂಡುತ್ತವೆ, ಮಾತ್ರವಲ್ಲ, ಮೂಲೆಯ ಪಕಾಸು (ಮಾಡನ್ನು ಹೊರುವ ಓರೆ ಮರ) ನೇರವಾಗಿ ಗೋಡೆಯ ಮೂಲೆಯ ಮೇಲೆಯೇ ಹಾಯುತ್ತದೆ. ಆದರೆ ಮಲೆನಾಡಿನ ಮಳೆಗೆ ಒಂದಡಿಗಿಂತ ಸ್ವಲ್ಪವೇ ಹೆಚ್ಚಿನ ಸೂರು ಸಾಲದು, ಮುಂಗೋಡೆ ನೆನೆಯುತ್ತದೆ. ಚಾಚನ್ನು 600 ಮಿ.ಮೀ. ಆಗಿಯೇ ಉಳಿಸಿಕೊಂಡು, ಮುಂಭಾಗದ ಗೆರೆಯ ‘ಪ್ಲೇಟ್ ಆಫ್‌ಸೆಟ್ ಫ್ರಮ್ ಬೇಸ್’ (ಮಾಡು ಗೋಡೆಯ ಮೇಲೆ ಕೂರುವ ಎತ್ತರ) ಅಂಕಿಯನ್ನು 254 ಮಿ.ಮೀ. ಏರಿಸುವುದು ಇನ್ನೊಂದು ದಾರಿ. ಆಗ ಮುಂಗೋಡೆಯೂ ಅಷ್ಟು ಎತ್ತರವಾಗಬೇಕು. ಇದರಲ್ಲಿ ತೆರೆಯ ಮೇಲೆ ಸುಲಭವಾಗಿ ಕಣ್ಣಿಗೆ ಬೀಳದ ತೊಡಕೊಂದಿದೆ. ನಕ್ಷೆಯಲ್ಲಿ ಮೂಲೆಯ ಗೆರೆ 45 ಡಿಗ್ರಿಯಲ್ಲಿ ಸಾಗದೆ, ಮುಂಭಾಗದ ಸೂರಿಗೆ 30 ಡಿಗ್ರಿಯಲ್ಲಿ ವಾಲುತ್ತದೆ. ಹಾಗಾಗಿ ಮೂಲೆಯ ಪಕಾಸು ಗೋಡೆಯ ಮೂಲೆಯನ್ನು ಬಿಟ್ಟು, ಅಲ್ಲಿಂದ ಸುಮಾರು 439 ಮಿ.ಮೀ. ಒಳಗೆ ಮುಂಗೋಡೆಯನ್ನು ದಾಟುತ್ತದೆ. ತಂತ್ರಾಂಶ ಇದಕ್ಕೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಬಡಗಿಗೆ ಮಾತ್ರ ಮರ ಕೂರಿಸುವ ದಿನ ಗೊತ್ತಾಗುತ್ತದೆ, ಆಮೇಲೆ ನಿಮಗೆ ಫೋನು ಬರುತ್ತದೆ.

ಮಾಡಿನ ದಪ್ಪವನ್ನೂ ಮರೆಯುವಂತಿಲ್ಲ. ಮೇಲಿನ ಲೆಕ್ಕ ಮಾಡಿನ ತಳಕ್ಕೆ ಸಂಬಂಧಿಸಿದ್ದು. ಮಾಡು 150 ಮಿ.ಮೀ. ದಪ್ಪವಿದ್ದು ಅಂಚನ್ನು ಲಂಬವಾಗಿ ಕತ್ತರಿಸಿದರೆ, ಕತ್ತರಿಸಿದ ಮುಖದ ಎತ್ತರ 30 ಡಿಗ್ರಿಯಲ್ಲಿ 173 ಮಿ.ಮೀ., 45 ಡಿಗ್ರಿಯಲ್ಲಿ 212 ಮಿ.ಮೀ. ಆಗುತ್ತದೆ. ತಳ ಕೂಡಿದರೂ ಮೇಲ್ಭಾಗದಲ್ಲಿ 39 ಮಿ.ಮೀ. ಮೆಟ್ಟಿಲು ಉಳಿಯಿತು. ಹಂಚು ಕೂರುವುದು ಮೇಲ್ಭಾಗದಲ್ಲಿ, ಆದ್ದರಿಂದ ಮೊದಲು ಕೂಡಿಸಬೇಕಾದದ್ದೂ ಅದನ್ನೇ ಎಂಬುದು ನನ್ನ ಅಭಿಪ್ರಾಯ. ಎತ್ತರವನ್ನು 254ರ ಬದಲು 215 ಮಿ.ಮೀ. ಏರಿಸಿ, ತಳದಲ್ಲಿ ಉಳಿಯುವ ವ್ಯತ್ಯಾಸವನ್ನು ಮರೆಮಾಡಲು ಮಾಡಿನ ಗುಣಪಟ್ಟಿಯಲ್ಲಿ ‘ರ‍್ಯಾಫ್ಟರ್ ಕಟ್’ ಎಂಬಲ್ಲಿ ‘ಟೂ ಕಟ್ – ಪ್ಲಂಬ್’ (ಅಂಚನ್ನು ಲಂಬವಾಗಿಯೂ ಅದರ ತಳವನ್ನು ಅಡ್ಡಲಾಗಿಯೂ ಕತ್ತರಿಸುವುದು) ಆರಿಸಿ, ‘ಫೇಶಿಯಾ ಡೆಪ್ತ್’ (ಅಂಚುಪಟ್ಟಿಯ ಅಗಲ) 150 ಮಿ.ಮೀ. ಕೊಡಿ. ಈ ಆಯ್ಕೆ ಇಡೀ ಮಾಡಿಗೆ ಅನ್ವಯಿಸುವುದರಿಂದ ನಾಲ್ಕೂ ಬದಿಯ ಅಂಚುಪಟ್ಟಿ ಒಂದೇ ಅಗಲಕ್ಕೆ ಬರುತ್ತದೆ. ಗೋಡೆಗಳನ್ನು ಆರಿಸಿ ಮಾಡಿನ ಗೆರೆ ಎಳೆದಿದ್ದರೆ, ಅದೇ ಪಟ್ಟಿಯ ‘ರ‍್ಯಾಫ್ಟರ್ ಆರ್ ಟ್ರಸ್’ ಎಂಬಲ್ಲಿ ‘ಟ್ರಸ್’ ಇದೆಯೇ ನೋಡಿಕೊಳ್ಳಿ; ‘ರ‍್ಯಾಫ್ಟರ್’ ಇದ್ದರೆ ಎತ್ತರವನ್ನು ಗೋಡೆಯ ಒಳಮೈಯಿಂದ ಅಳೆಯಲಾಗುತ್ತದೆ ಮತ್ತು ಇಲ್ಲಿನ ಅಂಕಿಗಳು ಯಾವುವೂ ಹೊಂದುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ಮನೆಯವರನ್ನು ಒಪ್ಪಿಸಿ ನಾಲ್ಕೂ ಬದಿಗೆ 30 ಡಿಗ್ರಿ ಇಡುವುದೇ ಲೇಸು ಎಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ದೊಡ್ಡ ಮಾಡಿಗೆ ಮುಂಭಾಗದ ಪೋರ್ಟಿಕೋದ ಚಿಕ್ಕ ಮಾಡನ್ನು ‘ಜಾಯಿನ್/ಅನ್‌ಜಾಯಿನ್ ರೂಫ್’ ಸಾಧನದಿಂದ ಸೇರಿಸಲು ಹೋದರೆ ಕೆಲವೊಮ್ಮೆ ಸೇರುತ್ತದೆ, ಕೆಲವೊಮ್ಮೆ ದೋಷದ ಸೂಚನೆ ಬರುತ್ತದೆ. ಕಾರಣವೇನು?

ಉತ್ತರ: ಮೊದಲು ಚಿಕ್ಕ ಮಾಡಿನ ಅಂಚನ್ನು, ಅನಂತರ ದೊಡ್ಡ ಮಾಡಿನ ಮೇಲ್ಮೈಯನ್ನು ಆರಿಸಬೇಕೆಂಬ ಕ್ರಮ ನಿಮಗೆ ಗೊತ್ತಿದೆ ಎಂದುಕೊಳ್ಳುತ್ತೇನೆ. ಆ ಅಂಚು ಮುಂದಕ್ಕೆ ಚಾಚಿಕೊಂಡಾಗ ಅದರ ಯಾವ ಭಾಗವೂ ಖಾಲಿ ಜಾಗಕ್ಕೆ ಹೋಗಬಾರದು. ಪೋರ್ಟಿಕೋದ ನೆತ್ತಿ ದೊಡ್ಡ ಮಾಡಿನ ನೆತ್ತಿಗಿಂತ ಮೇಲಿದ್ದರೆ ತುದಿಗೆ ತಾಗಲು ಮೇಲ್ಮೈ ಸಿಗುವುದಿಲ್ಲ. ಅದರ ಸೂರು ದೊಡ್ಡ ಮಾಡಿನ ಸೂರಿಗಿಂತ ಕೆಳಗಿದ್ದರೆ ಬುಡದ ಗತಿಯೂ ಅದೇ. ಪಾರ್ಶ್ವನೋಟದಲ್ಲಿ ಈ ಎರಡು ಎತ್ತರಗಳನ್ನು ಹೋಲಿಸಿದರೆ ಬಹುಪಾಲು ಪ್ರಕರಣಗಳು ಅಲ್ಲಿಯೇ ಬಗೆಹರಿಯುತ್ತವೆ.

ಸೇರಿದ ಮೇಲೆಯೂ ಪೋರ್ಟಿಕೋದ ಅಡಿಯಲ್ಲಿ ದೊಡ್ಡ ಮಾಡು ಹಾಗೆಯೇ ಉಳಿದಿರುತ್ತದೆ ಎಂಬುದನ್ನು ಗಮನಿಸಿ. ಅಲ್ಲಿ ತೆರವು ಮಾಡದೆ ವಿಸ್ತೀರ್ಣದ ಪಟ್ಟಿ ತೆಗೆದರೆ ಆ ಭಾಗದ ಹಂಚು ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಎರಡು ಮಾಡುಗಳು ಸೇರುವ ಕಣಿವೆಗೆ ತಗಡಿನ ದೋಣಿಯನ್ನೂ ರೂಪಿಸಿ. 30 ಡಿಗ್ರಿಯ ಎರಡು ಮಾಡುಗಳು ಲಂಬವಾಗಿ ಕೂಡಿದಾಗ ಆ ಕಣಿವೆಯ ಇಳಿಜಾರು ಸುಮಾರು 22 ಡಿಗ್ರಿಯಷ್ಟೇ ಇರುತ್ತದೆ. ಎರಡೂ ಕಡೆಯ ನೀರು ಒಟ್ಟಾಗುವ ಜಾಗದಲ್ಲಿಯೇ ಅದರ ಓಟ ನಿಧಾನ.

ಪ್ರಶ್ನೆ: ನೆತ್ತಿ ಮತ್ತು ಮೂಲೆಗಳಿಗೆ ಹೊದಿಸುವ ಹಂಚಿನ ಉದ್ದವನ್ನು ಮಾಡಿನ ಪಟ್ಟಿಯಿಂದ ಪಡೆಯಲು ಸಾಧ್ಯವೇ?

ಉತ್ತರ: ನೇರವಾಗಿ ಸಾಧ್ಯವಿಲ್ಲ, ಮಾಡಿನ ಪಟ್ಟಿಯಲ್ಲಿ ವಿಸ್ತೀರ್ಣ ಸಿಗುತ್ತದೆ, ಮೂಲೆಗೆರೆಯ ಉದ್ದ ಸಿಗುವುದಿಲ್ಲ. ಮೂಲೆಯುದ್ದಕ್ಕೂ ಮಾಡೆಲ್ ಲೈನ್ (ಮೂರು ಆಯಾಮದ ಮಾದರಿಯಲ್ಲಿಯೇ ಇರುವ ಗೆರೆ) ಎಳೆದು, ಹಂಚಿನ ಅಡ್ಡಕೊಯ್ತದ ಆಕಾರವನ್ನು ಪ್ರೊಫೈಲ್ ಮಾಡಿಕೊಂಡು, ಅದನ್ನು ಫೇಶಿಯಾ ಸಾಧನದಿಂದ ಆ ಗೆರೆಗೆ ಹೊದಿಸಿ. ಚಿತ್ರವೂ ಸರಿಯಾಗುತ್ತದೆ, ಫೇಶಿಯಾ ಪಟ್ಟಿಯಲ್ಲಿ ಉದ್ದವೂ ದೊರೆಯುತ್ತದೆ. ಗೆರೆ ಎಳೆಯುವ ಮುನ್ನ ಮಾಡಿನ ಇಳಿಜಾರು ಮುಖವನ್ನೇ ವರ್ಕ್ ಪ್ಲೇನ್ (ಗೆರೆ ಎಳೆಯುವ ತಲ) ಆಗಿ ಆರಿಸಿಕೊಳ್ಳುವುದನ್ನು ಬಿಡಬೇಡಿ. 30 ಡಿಗ್ರಿ ಮಾಡಿನಲ್ಲಿ ಎರಡೂ ಸೂರುಗಳಿಂದ 3 ಮೀಟರ್ ಒಳಗೆ ನೆತ್ತಿಯಿದ್ದರೆ ಮೂಲೆಯ ನಿಜವಾದ ಉದ್ದ 4.58 ಮೀಟರ್, ನಕ್ಷೆಯ ಮಟ್ಟದಲ್ಲಿ ಗೆರೆ ಎಳೆದರೆ ಪಟ್ಟಿ 4.24 ಎಂದು ತೋರಿಸುತ್ತದೆ, ನಾಲ್ಕು ಮೂಲೆಗೆ ಸೇರಿ ಸುಮಾರು 1.36 ಮೀಟರಿನಷ್ಟು ಹಂಚು ಕಡಿಮೆ ಬೀಳುತ್ತದೆ.