ಹಳೆಯ ಜೀಪಿಗೆ ಒಂದು ಟನ್ ಕಾಫಿ: ಎಳೆಯುವುದಕ್ಕಿಂತ ನಿಲ್ಲಿಸುವುದು ಮುಖ್ಯ

ನಮಸ್ಕಾರ. ತಂದೆಯವರ ಕಾಲದ ಸಿಜೆ-3ಬಿ ಜೀಪಿಗೆ ಟ್ರೈಲರ್ ಕಟ್ಟಿ, 50 ಕಿಲೋದ 20 ಚೀಲ ಕಾಫಿಯನ್ನು ಕೊಡಗಿನ ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ಸಾಗಿಸಬಹುದೇ, ಇಲ್ಲವೇ ಪಿಕಪ್ ಕೊಳ್ಳಬೇಕೇ ಎಂದು ಕೇಳಿದ್ದೀರಿ. ಈ ಕೆಲಸಕ್ಕೆ ಪಿಕಪ್ಪೇ ಸರಿ.

ಎಳೆಯುವ ಶಕ್ತಿಯಲ್ಲಿ ಜೀಪನ್ನು ಹಗುರವಾಗಿ ಕಾಣುವಂತಿಲ್ಲ: ನಾಲ್ಕೂ ಚಕ್ರ ಎಳೆಯುವಂತೆ ಮಾಡಿ, ಅದರ ಎರಡನೇ ಗೇರ್ ಕಡ್ಡಿಯನ್ನು ‘ಲೋ’ಗೆ ಹಾಕಿದರೆ ಚಕ್ರಕ್ಕೆ ಸಿಗುವ ಟಾರ್ಕ್ (ತಿರುಗಿಸುವ ಬಲ) ಸುಮಾರು ಎರಡೂವರೆ ಪಟ್ಟಾಗುವುದರಿಂದ, ಮಳೆಗಾಲದಲ್ಲಿ ತೋಟದ ಕೆಸರಿನ ಏರನ್ನು ಅದು ಹತ್ತುವಂತೆ ಹಿಂದಿನ ಚಕ್ರ ಮಾತ್ರ ತಿರುಗುವ ಪಿಕಪ್ ಹತ್ತಲಾರದು. ತೊಡಕಿರುವುದು ನಿಲ್ಲಿಸುವುದರಲ್ಲಿ. ಇದರ ಮೂಲ ಮಾದರಿಯನ್ನು ಅಮೆರಿಕದ ಸೈನ್ಯ ಕಾಲು ಟನ್ ವರ್ಗದ, ಎಂದರೆ ಸುಮಾರು ಅಷ್ಟೇ ಹೊರೆಗೆ ತಕ್ಕ ವಾಹನವೆಂದೇ ಗುರುತಿಸಿತ್ತು. ಜೀಪಿನ ನಾಲ್ಕೂ ಚಕ್ರಕ್ಕೆ ಬೂಸ್ಟರ್ (ಕಾಲಿನ ಒತ್ತಡವನ್ನು ಹೆಚ್ಚಿಸುವ ಸಾಧನ) ಇಲ್ಲದ ಡ್ರಮ್ ಬ್ರೇಕು, ಟ್ರೈಲರಿಗಂತೂ ಸಾಮಾನ್ಯವಾಗಿ ಬ್ರೇಕೇ ಇರುವುದಿಲ್ಲ. ದಾರಿಯಲ್ಲಿ ಸಿಗುವ ಆನೆಕಾಡಿನ ಕಡೆಗೆ ಇಳಿಯುವ ತಿರುವಿನಲ್ಲಿ ಒಂದು ಟನ್ ಕಾಫಿ ಹಿಂದಿನಿಂದ ನೂಕುತ್ತಿರುವಾಗ ಡ್ರಮ್ ಕಾದು ಹಿಡಿತ ಸಡಿಲವಾದರೆ, ಟ್ರೈಲರ್ ಜೀಪನ್ನೇ ಅಡ್ಡ ತಿರುಗಿಸಿಬಿಡಬಹುದು.

ಇಂದಿನ ಬೊಲೆರೊ ಪಿಕಪ್ಪಿನ 1.7 ಟನ್ ಮಾದರಿ ಈ ಹೊರೆಯನ್ನು ಟ್ರೈಲರಿಲ್ಲದೆ ಹೊರುತ್ತದೆ, ಮುಂದೆ ಡ್ರಮ್ಮಿಗಿಂತ ಬೇಗ ತಣಿಯುವ ಡಿಸ್ಕ್ ಬ್ರೇಕೂ ಇದೆ. ವರ್ಷಕ್ಕೆ ಕೆಲವೇ ಲೋಡ್ ಆದರೆ ಬಾಡಿಗೆಗೆ ತರಿಸುವುದೇ ಲಾಭ. ಜೀಪನ್ನು ಮಾತ್ರ ದಯವಿಟ್ಟು ಮಾರಬೇಡಿ. ತೋಟದಿಂದ ಕಣಕ್ಕೆ ನಾಲ್ಕೈದು ಚೀಲ ತರಲು ಅದನ್ನು ಮೀರಿಸುವ ವಾಹನವಿಲ್ಲ.